ಗಣಿ ನಿಂತ ಗುಡ್ಡ ನಿಜಕ್ಕೂ ಹಸಿರಾಯ್ತಾ? ಚಳಿಗಾಲದಲ್ಲಿ ನೋಡಿ

ಇವತ್ತಿನ ಪ್ರಶ್ನೆ ಒಂದೇ: ಗಣಿ ಮುಚ್ಚಿ ‘ಸರಿಪಡಿಸಿದ್ದೀವಿ’ ಅಂತ ಹೇಳಿದ ಜಾಗ ನಿಜಕ್ಕೂ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ?

ಇದು ನಮಗೆ ದೂರದ ವಿಷಯ ಅಲ್ಲ. ಹೊನ್ನಾಳಿ–ನ್ಯಾಮತಿ ಭಾಗದ ಕುದುರೆಕೊಂಡದಲ್ಲಿ ಹಿಂದೆ ಚಿನ್ನಕ್ಕಾಗಿ ನೆಲ ಅಗೆದಿದ್ದರು. ಚನ್ನಗಿರಿ, ಜಗಳೂರು ಎರಡಕ್ಕೂ ಪಕ್ಕದಲ್ಲಿರೋ ಚಿತ್ರದುರ್ಗ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೆಲವು ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಕೆಲಸ ಶುರು ಮಾಡಬೇಕಾದರೆ ‘ಆರ್ ಅಂಡ್ ಆರ್’, ಅಂದ್ರೆ ಹಾಳಾದ ನೆಲವನ್ನು ಸರಿಪಡಿಸುವ ಯೋಜನೆ ಪಾಲಿಸಬೇಕು ಅಂತ ಹೇಳಿತು. 2020ರ ಜನವರಿ 8ರಂದು ಇನ್ನೊಂದು ಆದೇಶ ಬಂತು: ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ಆ ನೆಲ ಯೋಗ್ಯವಾಗಬೇಕು.

ಸರಿ, ನೋಡೋಕೆ ಚಳಿಗಾಲವೇ ಯಾಕೆ? ಮಳೆಗಾಲದಲ್ಲಿ ಮಣ್ಣಿನ ರಾಶಿಯ ಮೇಲೂ ಕಳೆ ಬೆಳೆಯುತ್ತೆ, ಫೋಟೋದಲ್ಲಿ ಎಲ್ಲಾ ಹಸಿರು. ಡಿಸೆಂಬರ್, ಜನವರಿ ಹೊತ್ತಿಗೆ ಆ ಹಸಿರು ಒಣಗಿ, ಅಡಿಯ ನೆಲ ಕಾಣಿಸುತ್ತೆ. ಆಗ ನಾಲ್ಕು ವಿಷಯ ಗಮನಿಸಿ.

ಒಂದು, ಇಳಿಜಾರು. ಮಳೆನೀರು ಕೊರೆದ ಕೊರಕಲುಗಳಿದ್ದರೆ ಮಣ್ಣು ಇನ್ನೂ ಜಾರ್ತಿದೆ ಅಂತ ಅರ್ಥ. ನಾರಿನ ಚಾಪೆ ಹಾಸಿದ್ದರೆ ಅದರ ಮೂಲಕ ಹುಲ್ಲು ಬೇರು ಬಿಟ್ಟಿದೆಯಾ ನೋಡಿ.

ಎರಡು, ಚೆಕ್ ಡ್ಯಾಂ. ಹೂಳು ತುಂಬಿದ್ದರೆ ಅದು ಈ ವರ್ಷ ಕೆಲಸ ಮಾಡಿದೆ, ಆದರೆ ಹೂಳು ತೆಗೆಯದಿದ್ದರೆ ಮುಂದಿನ ಮಳೆಗೆ ಕೆಂಪು ನೀರು ನೇರ ಕೆಳಗಿನ ಹೊಲಕ್ಕೆ, ಕೆರೆಗೆ.

ಮೂರು, ಸಸಿಗಳು. ಎಲೆ ಉದುರಿದ ತಕ್ಷಣ ಸತ್ತಿದೆ ಅನ್ನಬೇಡಿ. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ನಾಲ್ಕು, ಗುಂಡಿ. ಬೇಲಿ ಇದೆಯಾ? ನೀರು ನಿಂತಿದೆಯಾ? ಅಂಚಿಗೆ ಮಾತ್ರ ಹೋಗಬೇಡಿ, ಸಡಿಲ ಮಣ್ಣು ಕುಸಿಯುತ್ತೆ. ಅನುಮತಿ ಇಲ್ಲದಿದ್ದರೆ ರಸ್ತೆಯಿಂದಲೇ ನೋಡಿ. ಬೆಳಗಿನ ಮಂಜು ಕರಗಿದ ಮೇಲೆ ಹೊರಡಿ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಪ್ರಮುಖ ಖನಿಜಗಳ ಗಣಿ ಮಾಲೀಕರು ನೆಲ ಸರಿಪಡಿಸುವ ಹೊಣೆಗೆ ಸರ್ಕಾರದ ಹತ್ತಿರ ಹಣಕಾಸಿನ ಭದ್ರತೆ ಇಡಬೇಕು, ಸಾಮಾನ್ಯವಾಗಿ ಬ್ಯಾಂಕ್ ಗ್ಯಾರಂಟಿ ರೂಪದಲ್ಲಿ. ಬಾಡಿಗೆ ಮನೆಗೆ ಕೊಡೋ ಅಡ್ವಾನ್ಸ್ ಥರ. ಮುಚ್ಚುವ ಕೆಲಸ ಯೋಜನೆಯಂತೆ ಮುಗಿದಿದೆ ಅಂತ ಪ್ರಮಾಣಪತ್ರ ಸಿಕ್ಕ ಮೇಲೆ ಅದು ವಾಪಸ್ ಹೋಗುತ್ತೆ. ಆಮೇಲೆ ಮಣ್ಣು ಜಾರಿದರೆ? ಬಿಲ್ ಕಟ್ಟೋದು ಕೆಳಗಿನ ಹೊಲದ ರೈತರು.

ಹಾಗಾಗಿ ಈ ಚಳಿಗಾಲದಲ್ಲಿ ದಿನಾಂಕ ಸಮೇತ ಫೋಟೋ ತೆಗೆದಿಡಿ. ಮುಂದಿನ ವರ್ಷ ಅದೇ ಜಾಗದಿಂದ ಮತ್ತೊಂದು. ಎರಡನ್ನೂ ಗ್ರಾಮಸಭೆಯಲ್ಲಿ ಇಡಿ. ಗ್ಯಾರಂಟಿ ವಾಪಸ್ ಆಗೋ ಮೊದಲು ಕೇಳಿದ ಪ್ರಶ್ನೆಗೆ ಬೆಲೆ ಜಾಸ್ತಿ.