ಅಪರೂಪದ ಹಾವು: ಗೂಡಿನಲ್ಲೋ, ಹೊಲದಲ್ಲೋ?

ದೇವದುರ್ಗ, ಮಾನ್ವಿ ಕಡೆಯ ಮಸಾರಿ ಹೊಲಗಳಲ್ಲಿ ನೇಗಿಲು ಹೊಡೆಯುವಾಗ ಒಮ್ಮೊಮ್ಮೆ ಕಂದು ಬಣ್ಣದ, ಗಿಡ್ಡನೆಯ ದಪ್ಪ ಹಾವೊಂದು ಹೊರಬೀಳುತ್ತದೆ. ಅದರ ಬಾಲವೂ ತಲೆಯಂತೆಯೇ ಮೊಂಡಾಗಿರುತ್ತದೆ. ನೋಡಿದವರು ‘ಎರಡು ತಲೆ ಹಾವು’ ಎನ್ನುತ್ತಾರೆ. ಮಣ್ಣುಮುಕ್ಕ ಎಂಬ ಹೆಸರೂ ಉಂಟು. ಅಷ್ಟರಲ್ಲಿ ಯಾರಾದರೂ, ‘ಇದು ಬಹಳ ಅಪರೂಪ, ಲಕ್ಷಗಟ್ಟಲೆ ಬೆಲೆ’ ಎಂದು ಪಿಸುಗುಟ್ಟುವುದೂ ಉಂಟು. ಹಾವು ಅಪರೂಪ ಎಂದರೆ ನಿಜವಾಗಿ ಅರ್ಥವೇನು?

ಇದಕ್ಕೆ ದೂರದ ಅಮೆರಿಕದಿಂದ ಒಂದು ಉದಾಹರಣೆ ನೋಡೋಣ. ಕೇರೆ ಹಾವು ಎಮ್ಮೆಯ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂದು ನಮ್ಮಲ್ಲಿ ಹಿರಿಯರು ಹೇಳುವುದಿಲ್ಲವೇ? ಅಲ್ಲಿಯೂ ಇಂಥದೇ ನಂಬಿಕೆಯಿಂದ ಒಂದು ಹಾವಿಗೆ ‘ಹಾಲು ಹಾವು’ ಎಂಬ ಹೆಸರು ಬಂದಿದೆ. ಹಾವಿನ ಬಾಯಿಯ ರಚನೆ ಕೆಚ್ಚಲಿನಿಂದ ಹಾಲು ಹೀರಲು ತಕ್ಕುದಲ್ಲ. ಎರಡೂ ಕಡೆ ಹಾವು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಕೆಂಪು, ಕಪ್ಪು, ಬಿಳಿ ಪಟ್ಟೆಗಳ ಈ ವಿಷವಿಲ್ಲದ ಹಾವುಗಳು ಕೆನಡಾದಿಂದ ಈಕ್ವೆಡಾರ್‌ವರೆಗೂ ಇವೆ. ಇವನ್ನು ಬಹುಕಾಲ ಒಂದೇ ಪ್ರಭೇದದ ಇಪ್ಪತ್ತಕ್ಕೂ ಹೆಚ್ಚು ಉಪಪ್ರಭೇದಗಳೆಂದು ಎಣಿಸುತ್ತಿದ್ದರು. 2014ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನವೊಂದು ಇವನ್ನು ಏಳು ಪ್ರಭೇದಗಳಾಗಿ ವಿಂಗಡಿಸಿತು.

ಅಲ್ಲಿನ ಹವ್ಯಾಸಿಗಳು ಈ ಹಾವುಗಳನ್ನು ಗಾಜಿನ ಗೂಡಿನಲ್ಲಿ ಸಾಕುತ್ತಾರೆ. ಹೊಂಡುರಾಸ್‌ನ ಬಗೆ ಸುಲಭವಾಗಿ ದೊರೆಯುತ್ತದೆ. ಇನ್ನು ಕೆಲವು ಬಗೆಗಳು ಕಾಣಸಿಗುವುದೇ ಕಷ್ಟ. ಇದಕ್ಕೆ ಕಾರಣಗಳು ಹಲವು. ಮೊದಲನೆಯದು ಆಹಾರ. ಕೆಲವು ಚಿಕ್ಕ ಬಗೆಗಳ ಮರಿಗಳು ಹಲ್ಲಿಜಾತಿಯ ಪ್ರಾಣಿಗಳನ್ನೇ ಬಯಸುತ್ತವೆ. ಸಾಕುವವರು ಕೊಡುವ ಇಲಿಮರಿಯನ್ನು ಮುಟ್ಟದೆ ಸೊರಗುತ್ತವೆ. ಎರಡನೆಯದು ಬಣ್ಣ. ಕೋಸ್ಟರಿಕಾ ಮತ್ತು ಪನಾಮಾದ ಬೆಟ್ಟಗಳ ಒಂದು ಬಗೆ ಮರಿಯಾಗಿದ್ದಾಗ ಪಟ್ಟೆಪಟ್ಟೆಯಾಗಿದ್ದು, ಬೆಳೆದಂತೆ ಪೂರ್ತಿ ಕಪ್ಪಾಗುತ್ತದೆ. ಬಣ್ಣವನ್ನೇ ಬಯಸುವವರು ಇಂಥದನ್ನು ಕೇಳುವುದಿಲ್ಲ. ಕೇಳುವವರಿಲ್ಲದಿದ್ದರೆ ಮರಿ ಮಾಡಿಸುವವರೂ ಇರುವುದಿಲ್ಲ. ಮೂರನೆಯದು ಬೆರಕೆ. ಬೇರೆ ಬೇರೆ ಬಗೆಗಳನ್ನು ಕೂಡಿಸಿದಾಗ ಶುದ್ಧ ತಳಿ ಯಾವುದೆಂದು ಹೇಳುವುದೇ ಕಠಿಣವಾಗುತ್ತದೆ. ನಾಲ್ಕನೆಯದು ಕಾನೂನು. ತವರು ದೇಶ ಕಾಡಿನ ಹಾವನ್ನು ಹೊರಗೆ ಬಿಡದಿದ್ದರೆ ಗೂಡಿಗೆ ಹೊಸ ಹಾವು ಬರುವುದಿಲ್ಲ.

ಇಲ್ಲಿ ಒಂದು ಅಂಶ ಗಮನಿಸಿ. ಗೂಡಿನಲ್ಲಿ ಅಪರೂಪವಾದ ಹಾವು ಕಾಡಿನಲ್ಲಿ ಸಾಕಷ್ಟು ಇರಬಹುದು. ಗೂಡಿನ ಅಪರೂಪ ಬೇರೆ, ನೆಲದ ಅಪರೂಪ ಬೇರೆ.

ಈಗ ನಮ್ಮ ಮಣ್ಣುಮುಕ್ಕಕ್ಕೆ ಬರೋಣ. ಇದಕ್ಕೆ ಎರಡು ತಲೆ ಇಲ್ಲ, ವಿಷವೂ ಇಲ್ಲ. ಶತ್ರು ಎದುರಾದಾಗ ತಲೆಯನ್ನು ಮೈಯಡಿ ಹುದುಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಪೆಟ್ಟು ಬಾಲಕ್ಕೆ ಬಿದ್ದರೆ ಜೀವ ಉಳಿಯುತ್ತದೆ. ಕೆಲವು ಹಾವಾಡಿಗರು ಬಾಲದ ಮೇಲೆ ಕಣ್ಣು, ಬಾಯಿಯ ಗುರುತು ಕೊರೆದು ಎರಡನೆಯ ತಲೆಯೆಂದು ತೋರಿಸುತ್ತಿದ್ದರು. ಸಡಿಲವಾದ ಒಣಮಣ್ಣು ಇದರ ಮನೆ, ಇಲಿ ಇದರ ಊಟ. ಜೋಳವನ್ನೂ ಭತ್ತವನ್ನೂ ಬೆಳೆಯುವ ರಾಯಚೂರಿನ ರೈತನಿಗೆ ಇದು ಸಂಬಳ ಕೇಳದ ಕಾವಲುಗಾರ.

ಇದನ್ನು ಇಟ್ಟುಕೊಂಡರೆ ಅದೃಷ್ಟ ಬರುತ್ತದೆ, ಇದರಿಂದ ಔಷಧಿಯಾಗುತ್ತದೆ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಆದರೂ ಆ ಮಾತು ಬೆಲೆ ಹುಟ್ಟಿಸಿತು, ಬೆಲೆ ಬೇಟೆ ಹುಟ್ಟಿಸಿತು. ಈ ಹಾವು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಒಂದು ಸಲಕ್ಕೆ ಹುಟ್ಟುವ ಮರಿಗಳು ಕೆಲವೇ. ಬಸುರಿ ಹಾವೊಂದನ್ನು ಚೀಲಕ್ಕೆ ಹಾಕಿದರೆ ಆ ಹೊಲದ ಮುಂದಿನ ಪೀಳಿಗೆಯೇ ಹೋದಂತೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದ ಅಂಚಿಗೆ ಸಮೀಪಿಸುತ್ತಿರುವ ಜೀವಿಗಳಲ್ಲಿ ಸೇರಿಸಿದೆ. ಅಪರೂಪವೆಂಬ ಸುಳ್ಳೇ ಹಾವನ್ನು ನಿಜವಾಗಿ ಅಪರೂಪ ಮಾಡುತ್ತಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು ಅಪರಾಧ. ಜೈಲು ಶಿಕ್ಷೆಯೂ ಆಗಬಹುದು. ಭಾರತ 1976ರಿಂದ ಸದಸ್ಯನಾಗಿರುವ ಸೈಟಿಸ್ ಒಪ್ಪಂದವು ಇದರ ವಿದೇಶ ವ್ಯಾಪಾರವನ್ನೂ ನಿಯಂತ್ರಿಸುತ್ತದೆ.

ಇನ್ನೊಂದು ಅಪಾಯವನ್ನು ಮರೆಯಬಾರದು. ಮಣ್ಣುಮುಕ್ಕದ ಹತ್ತಿರದ ಬಂಧುವಾದ, ಮಚ್ಚೆಗಳಿರುವ ಇನ್ನೊಂದು ಮಣ್ಣುಹಾವು ನೋಡಲು ಕೊಳಕುಮಂಡಲವನ್ನೇ ಹೋಲುತ್ತದೆ. ದುಡ್ಡಿನಾಸೆಗೆ ಮುಸ್ಸಂಜೆಯಲ್ಲಿ ಕೈ ಚಾಚಿದವನಿಗೆ ಸಿಗುವುದು ಯಾವುದು ಎಂದು ಯಾರು ಹೇಳಬಲ್ಲರು? ಕೊಳಕುಮಂಡಲದ ವಿಷ ಪ್ರಾಣಾಂತಿಕ.

ಆದುದರಿಂದ ಹೊಲದಲ್ಲಿ ಇಂಥ ಹಾವು ಕಂಡರೆ ದೂರ ನಿಂತು ನೋಡಿ, ಅದರ ದಾರಿಗೆ ಅದನ್ನು ಬಿಡಿ. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಬೆಲೆಯ ಮಾತಾಡುವವರು ಸಿಕ್ಕರೆ, ಅದಕ್ಕಿರುವುದು ಒಂದೇ ತಲೆಯೆಂದು ತಿಳಿಸಿಹೇಳಿ.