ಅರಳಿಕಟ್ಟೆಗೆ ಬಂದ ಶಾಲೆ

ಕೋವಿಡ್ ವ್ಯಾಧಿಯಿಂದ ಈ ದೇಶದಲ್ಲಿ ಸಂಭವಿಸಿದ ಪ್ರಥಮ ಮರಣವು ಕಲಬುರಗಿಯಿಂದಲೇ ವರದಿಯಾದ 2020ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕದ ಶಾಲೆಗಳಿಗೆ ಬೀಗ ಬಿದ್ದಾಗ, ಅದು ಕೆಲವು ವಾರಗಳ ಮಾತೆಂದು ನಂಬಿದವರೇ ಬಹುಮಂದಿ. ಆಷಾಢ ಕಳೆದರೂ ಶಾಲೆಯ ಗಂಟೆ ಮೊಳಗಲಿಲ್ಲ. ಅನುಕೂಲಸ್ಥರ ಮನೆಗಳಲ್ಲಿ ಪಾಠವು ಮೊಬೈಲಿಗೆ ಇಳಿಯಿತು. ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳನ್ನು ಬಿತ್ತರಿಸಿತು. ಆದರೆ ಮನೆಗಿರುವ ಒಂದೇ ಫೋನು ಬೆಳಗಾದೊಡನೆ ತಂದೆಯ ಜೇಬಿನಲ್ಲಿ ಕೂಲಿಗೆ ಹೊರಟುಬಿಡುವಲ್ಲಿ ಮಗುವಿನ ಪಾಲಿಗೆ ಉಳಿದುದೇನು?

ಈ ಪ್ರಶ್ನೆಗೆ ಉತ್ತರವಾಗಿ ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಹುಟ್ಟಿದುದೇ ‘ವಿದ್ಯಾಗಮ’. ಅಂತರ್ಜಾಲವುಳ್ಳ ಫೋನಿರುವವರು, ಬರಿಯ ಮಾತಿನ ಫೋನಿರುವವರು, ಎರಡೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಇಪ್ಪತ್ತು ಇಪ್ಪತ್ತೈದು ಮಂದಿಯ ಗುಂಪಿಗೊಬ್ಬ ಶಿಕ್ಷಕರನ್ನು ನೇಮಿಸಿ, ಮಕ್ಕಳು ಶಾಲೆಗೆ ಬರಲಾಗದಿದ್ದರೆ ಗುರುಗಳೇ ಅವರಿದ್ದಲ್ಲಿಗೆ ಹೋಗತಕ್ಕದ್ದೆಂದು ಶಿಕ್ಷಣ ಇಲಾಖೆಯು ವಿಧಿಸಿತು. ಜನರ ಬಾಯಲ್ಲಿ ಇದು ‘ವಠಾರ ಶಾಲೆ’ಯಾಯಿತು, ಸರ್ಕಾರವಿಟ್ಟ ಹೆಸರಿಗಿಂತ ಇದೇ ನನಗೆ ಹೆಚ್ಚು ಪ್ರಿಯವಾದುದು.

ನಾನು ಕಂಡ ಅಂಥದೊಂದು ಶಾಲೆಯಲ್ಲಿ ಅರಳಿಯ ಬೊಡ್ಡೆಗೆ ಒರಗಿಸಿದ ಕರಿಹಲಗೆಯ ಮುಂದೆ, ಮನೆಯಿಂದ ತಂದ ಗೋಣಿತಾಟುಗಳ ಮೇಲೆ, ಮಾರುದೂರಕ್ಕೊಬ್ಬರಂತೆ ಮಕ್ಕಳು ಕುಳಿತಿದ್ದರು. ಹುಡುಗಿಯೊಬ್ಬಳು ‘ಅಜ್ಜ’ ಎಂದು ಬರೆಯಹೋಗಿ ಒತ್ತಕ್ಷರವನ್ನು ಮರೆತು, ಅಳಿಸಿ, ಮತ್ತೆ ಬರೆದು, ಮೇಡಂ ಬಂದು ಸ್ಲೇಟನ್ನು ನೋಡುವವರೆಗೂ ತಲೆಯೆತ್ತಲಿಲ್ಲ. ಆ ಒಂದು ನೋಟವನ್ನು ಯಾವ ಯಂತ್ರವೂ ಕೊಡಲಾರದೆಂದು ನನಗೆ ಅಂದು ದೃಢವಾಯಿತು.

ಆದರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿತೆಂಬ ವಾರ್ತೆಗಳು ಬಂದು ಅಕ್ಟೋಬರಿನಲ್ಲಿ ವಿದ್ಯಾಗಮವು ಸ್ಥಗಿತಗೊಂಡಿತು. ಪ್ರಾಣಭಯದ ಮುಂದೆ ಆ ನಿರ್ಧಾರವನ್ನು ತಪ್ಪೆನ್ನಲಾರೆ. ಆದರೂ 2021ರ ಜನವರಿ 1ರಂದು ಅದು ಮರಳಿದಾಗ ಆರರಿಂದ ಒಂಬತ್ತನೆಯ ತರಗತಿಯವರಿಗೆ ಮಾತ್ರ ದೊರಕಿದುದನ್ನೂ, ಅಕ್ಷರ ಕೂಡಿಸಲು ಗುರುವಿನ ಸಾಮೀಪ್ಯವೇ ಬೇಕಾಗಿದ್ದ ಎಳೆಯರು ಹೊರಗುಳಿದುದನ್ನೂ ನೆನೆದರೆ ಮನಸ್ಸು ಮರುಗುತ್ತದೆ. ಮುಂದೆ ಸೋಂಕಿನ ಎರಡನೆಯ ಅಲೆಯೂ ಬಂದೆರಗಿತು.

ಶಾಲೆಯಿಲ್ಲದ ಈ ಕಾಲದ ನಷ್ಟವು ಅಂಕಿಗಳಲ್ಲಿಯೂ ಕಾಣುತ್ತದೆ. ರಾಜ್ಯದ ಗ್ರಾಮೀಣ ಭಾಗದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ. 19.2ರಷ್ಟಿದ್ದರು, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ 2021ರಲ್ಲಿ ಆ ಪ್ರಮಾಣವು ಶೇ. 9.8ಕ್ಕೆ ಕುಸಿದಿತ್ತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು, ಹತ್ತೊಂಬತ್ತು ತಿಂಗಳುಗಳ ಅನಂತರ.