ಬಂದವರ ಕೋಣೆಗೆ ಹೊಸ ಬಣ್ಣ

ಮುಂಬಯಿ, ಪುಣೆಗಳ ನಮ್ಮ ಫ್ಲ್ಯಾಟುಗಳಲ್ಲಿ ಅತಿಥಿಗಳ ಕೋಣೆ ಎಂಬುದು ಹೆಚ್ಚಾಗಿ ಹೆಸರಿಗೆ ಮಾತ್ರ. ಬಾಗಿಲು ತೆರೆದರೆ ಇಸ್ತ್ರಿಯಾಗದ ಬಟ್ಟೆಯ ರಾಶಿ, ಹಳೆಯ ಸೂಟ್‌ಕೇಸುಗಳು, ಕೆಟ್ಟು ಕುಳಿತ ಮಿಕ್ಸರ್, ನಿಮ್ಮ ಹತ್ತನೆಯ ತರಗತಿಯ ಪುಸ್ತಕಗಳು. ಊರಿನಿಂದ ಯಾರಾದರೂ ಬರುತ್ತಾರೆಂದರೆ ಇವೆಲ್ಲ ಮಂಚದ ಕೆಳಗೆ ಸರಿಯುತ್ತವೆ, ಅವರು ಹೋದ ಮರುದಿನ ಮತ್ತೆ ಮಂಚದ ಮೇಲೇರುತ್ತವೆ. ಬಂದವರಿಗೆ ಇದು ತಿಳಿಯದೇ ಇರುತ್ತದೆಯೇ? "ನಾಳೆಯೇ ಹೊರಡ್ತೇವೆ, ನಿಮಗ್ಯಾಕೆ ಸುಮ್ಮನೆ ತೊಂದರೆ" ಎನ್ನುತ್ತಾರೆ.

ಬರುವವರೆಲ್ಲ ಚೌಪಾಟಿ ನೋಡಲು ಬರುವವರಲ್ಲ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಚಿಕಿತ್ಸೆಗೆಂದು ಬಂದು ವಾರಗಟ್ಟಲೆ ಉಳಿಯಬೇಕಾದ ಚಿಕ್ಕಪ್ಪ ಇರಬಹುದು. ಇಂಟರ್‌ವ್ಯೂಗೆ ಬಂದ ಸೋದರಮಾವನ ಮಗ ಇರಬಹುದು. ಮಳೆಗಾಲ ಕಳೆಯುವ ತನಕ ಇರಲೆಂದು ನೀವೇ ಕರೆಸಿಕೊಂಡ ಅಜ್ಜಿ ಇರಬಹುದು. ಇಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಅನೇಕರು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ, ಇಂಥವರ ಪಕ್ಕದಲ್ಲಿ ರಾತ್ರಿ ಮಲಗಿ ಮಾತು ಕೇಳುತ್ತ. ಈಗೀಗ ನೆಂಟರು ಲಾಡ್ಜ್‌ನಲ್ಲಿ ಇಳಿದು, ಒಂದು ಹೊತ್ತು ಊಟಕ್ಕೆ ಬಂದು, ಹಾಗೇ ಹೊರಟುಹೋಗುವುದು ಹೆಚ್ಚುತ್ತಿದೆ. ಆದ್ದರಿಂದ ಆ ಕೋಣೆಯ ಕೆಲಸವನ್ನು ಅಪ್ಪ ಅಮ್ಮನಿಗೆ ಬಿಡದೆ ನೀವೇ ಕೈಗೆತ್ತಿಕೊಳ್ಳಿ ಎಂದು ನನ್ನ ಕೋರಿಕೆ. ಎರಡು ಶನಿವಾರ, ಎರಡು ಭಾನುವಾರ ಸಾಕು.

ಮೊದಲು ಗೋಡೆಯ ಆರೋಗ್ಯ

ಮಳೆಗಾಲದಲ್ಲಿ ಬಣ್ಣಕ್ಕೆ ಕೈಹಾಕಬೇಡಿ. ದಸರಾ ಕಳೆದು ಗೋಡೆ ಒಣಗಲಿ. ಎಲ್ಲಾದರೂ ತೇವದ ಕಲೆಯಿದ್ದರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈ ನೀರಾಡಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಮೇಲಿನ ಮನೆಯ ಬಚ್ಚಲಿನ ಸೋರಿಕೆಯೋ ಹೊರಗೋಡೆಯ ಬಿರುಕೋ ಸರಿಯಾಗುವವರೆಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಹಪ್ಪಳದಂತೆ ಏಳುತ್ತದೆ. ದುಡ್ಡು ದಂಡ.

ಇನ್ನೊಂದು ಎಚ್ಚರಿಕೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದೆ ಬಳಿದ ಬಣ್ಣದಲ್ಲಿ, ಅದರಲ್ಲೂ ಬಾಗಿಲು ಕಿಟಕಿಗಳ ಆಯಿಲ್ ಪೇಂಟಿನಲ್ಲಿ, ಸೀಸ ಹೆಚ್ಚಿರುವ ಸಾಧ್ಯತೆಯಿದೆ. ಈ ಧೂಳು ಸಣ್ಣ ಮಕ್ಕಳಿಗೆ, ಗರ್ಭಿಣಿಯರಿಗೆ ಬಹಳ ಕೆಟ್ಟದ್ದು. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ. ನೀರು ಚಿಮುಕಿಸಿ, ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಿ. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಇರಲಿ. ಮಕ್ಕಳನ್ನು ಬೇರೆ ಕಡೆ ಕಳಿಸಿ. ಕೊನೆಗೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಣ್ಣ ಎಷ್ಟು, ಯಾವುದು?

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯೆನ್ನಿ. ನಾಲ್ಕು ಗೋಡೆ ಸೇರಿ 360 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 320. ಸಾಮಾನ್ಯ ಎಮಲ್ಷನ್ ಒಂದು ಲೀಟರಿಗೆ ಎರಡು ಕೋಟ್ ಲೆಕ್ಕದಲ್ಲಿ 100ರಿಂದ 140 ಚದರಡಿ ಬರುತ್ತದೆ. ಅಂದರೆ ಮೂರು ಲೀಟರ್ ಸಾಕು. ನಾಲ್ಕು ಲೀಟರಿನ ಡಬ್ಬವನ್ನೇ ತಂದರೆ ಮುಂದಿನ ವರ್ಷದ ಸಣ್ಣ ಪುಟ್ಟ ರಿಪೇರಿಗೂ ಉಳಿಯುತ್ತದೆ. ಡಿಸ್ಟೆಂಪರ್ ಅಗ್ಗ, ಆದರೆ ಒದ್ದೆ ಬಟ್ಟೆಯಲ್ಲಿ ಪದೇ ಪದೇ ಒರೆಸಿದರೆ ತಡೆಯುವುದಿಲ್ಲ.

ಅಂಗಡಿಯ ಶೇಡ್ ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ಗೋಡೆಯ ಮೇಲೆ ಗಾಢವಾಗಿ ಕಾಣುತ್ತದೆ. ಮೊದಲು ಸಣ್ಣ ಡಬ್ಬ ತಂದು, ಒಂದು ದೊಡ್ಡ ರಟ್ಟಿಗೆ ಬಳಿದು, ಬೆಳಗಿನ ಬೆಳಕಿನಲ್ಲೂ ರಾತ್ರಿ ದೀಪದಲ್ಲೂ ನೋಡಿ. ಬಿಸಿಲು ಬಾರದ ಚಿಕ್ಕ ಕೋಣೆಗೆ ಬೆಣ್ಣೆಯ ಬಣ್ಣ, ತಿಳಿ ಹಳದಿ ಒಪ್ಪುತ್ತವೆ.

ಕ್ರಮ ಹೀಗಿರಲಿ: ಮೊದಲ ಶನಿವಾರ ಸಾಮಾನು ಹೊರಗೆ, ಉಜ್ಜುವುದು, ಬಿರುಕಿಗೆ ಪುಟ್ಟಿ. ಭಾನುವಾರ ಪುಟ್ಟಿಯನ್ನು ನಯಗೊಳಿಸಿ ಪ್ರೈಮರ್. ಮುಂದಿನ ಶನಿವಾರ ಮೊದಲ ಕೋಟ್, ಭಾನುವಾರ ಎರಡನೆಯದು. ಅಂಚು ಮೂಲೆಗಳಿಗೆ ಎರಡಿಂಚಿನ ಬ್ರಷ್, ಉಳಿದೆಡೆ ರೋಲರ್. ಕಿಟಕಿ ತೆರೆದಿಟ್ಟು, ಫ್ಯಾನ್ ಹಾಕಿ, ಕನಿಷ್ಠ ಒಂದು ವಾರ ವಾಸನೆ ಹೋಗಲು ಬಿಡಿ. ಕಾಯಿಲೆಯವರು ಬರುವುದಾದರೆ ಇದು ಬಹಳ ಮುಖ್ಯ.

ಅಲಂಕಾರ ಅಲಮಾರಿಯಲ್ಲೇ ಇದೆ

ಅಮ್ಮ ಉಡದೆ ಇಟ್ಟ ಹಳೆಯ ಇಳಕಲ್ ಸೀರೆಯಿದ್ದರೆ ಕೇಳಿ ಪಡೆಯಿರಿ. ಆರು ಗಜವೆಂದರೆ 18 ಅಡಿ. ನಾಲ್ಕು ಅಡಿ ಅಗಲದ ಕಿಟಕಿಗೆ ಐದು ಐದು ಅಡಿಯ ಎರಡು ಪರದೆಗೆ, ಮಡಿಕೆಯೂ ಸೇರಿ, 11 ಅಡಿ ಬೇಕು. ಉಳಿದ ಏಳು ಅಡಿಯಲ್ಲಿ ಎರಡು ದಿಂಬಿನ ಚೀಲವಾಗುತ್ತವೆ. ಸೀರೆಯ ಅಂಚು ಪರದೆಯ ಎರಡೂ ಬದಿಗೆ ತಾನಾಗಿ ಬಂದು ಬೀಳುತ್ತದೆ. ತೀರ ಮೆತ್ತಗಾದ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ದಪ್ಪ ದಾರದಿಂದ ಓಡುಹೊಲಿಗೆ ಹಾಕಿದರೆ ಕೌದಿ. ಉತ್ತರ ಕರ್ನಾಟಕದ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರು ಬಂದಾಗ ಜೊತೆಗೆ ಕುಳಿತು ಹೊಲಿಯಿರಿ.

ಗೋಡೆಗೆ ಚಿತ್ತಾರ ಬರೆಯಬಹುದು. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆಗಳವು. ಫ್ಲ್ಯಾಟಿನಲ್ಲಿ ಅಕ್ಕಿ ಹಿಟ್ಟಿಗೆ ಇರುವೆ, ಜಿರಳೆ ಬಂದಾವು. ಬಿಳಿ ಅಕ್ರಿಲಿಕ್ ಬಣ್ಣವೇ ವಾಸಿ. ಬಾಡಿಗೆ ಮನೆಯಾದರೆ ಕೆಂಪು ಬಳಿದ ಪ್ಲೈವುಡ್ ಹಲಗೆಯ ಮೇಲೆ ಬರೆದು ಒರಗಿಸಿಡಿ, ಮಾಲಿಕರ ತಕರಾರಿಲ್ಲ. ಕಪಾಟಿನ ಮೇಲೆ ಎರಡು ಚನ್ನಪಟ್ಟಣದ ಬೊಂಬೆ ಇದ್ದರೆ ಸಾಕು, ಕೋಣೆ ಮ್ಯೂಸಿಯಂ ಆಗುವುದು ಬೇಡ.

ಮಲಗುವವರ ಕಣ್ಣಿನಿಂದ

ಕೆಲಸವೆಲ್ಲ ಮುಗಿದ ಮೇಲೆ ಒಂದು ರಾತ್ರಿ ನೀವೇ ಅಲ್ಲಿ ಮಲಗಿ. ದೀಪದ ಸ್ವಿಚ್ಚು ಮಂಚದಿಂದ ಕೈಗೆ ಸಿಗುತ್ತದೆಯೇ? ಕತ್ತಲಲ್ಲಿ ಬಚ್ಚಲಿಗೆ ದಾರಿ ಕಾಣುತ್ತದೆಯೇ? ಅರ್ಧ ವಾಟಿನ ಎಲ್‌ಇಡಿ ನೈಟ್ ಲ್ಯಾಂಪಿಗೆ ಖರ್ಚು ಇಲ್ಲವೇ ಇಲ್ಲವೆನ್ನಬೇಕು. ಮಂಚದ ಎತ್ತರ ಮೊಣಕಾಲಿನ ಮಟ್ಟಕ್ಕಿರಲಿ, ತಗ್ಗಿದ್ದರೆ ವಯಸ್ಸಾದವರಿಗೆ ಏಳುವುದು ಕಷ್ಟ. ನವಲಗುಂದದ ಜಮಖಾನೆ ಎಷ್ಟೇ ಚೆಂದವಿದ್ದರೂ ಅವರು ಓಡಾಡುವ ಜಾಗದಲ್ಲಿ ಬೇಡ, ಕಾಲು ತೊಡರುತ್ತದೆ. ಪಂಚೆ, ಸೀರೆ ನೇತುಹಾಕಲು ನಾಲ್ಕು ಗೂಟ, ಔಷಧಿ ಕನ್ನಡಕಗಳಿಗೆ ಒಂದು ಪುಟ್ಟ ಮೇಜು, ನೀರಿನ ತಂಬಿಗೆ, ಓದಲು ಎರಡು ಕನ್ನಡ ಪುಸ್ತಕ. ಎಲ್ಲಕ್ಕಿಂತ ಮಿಗಿಲಾಗಿ ಅಲಮಾರಿಯಲ್ಲಿ ಪೂರ್ತಿ ಖಾಲಿಯಾದ ಒಂದು ಖಾನೆ. ಚೀಲದಿಂದ ಬಟ್ಟೆ ತೆಗೆದು ಅಲ್ಲಿ ಜೋಡಿಸಿಟ್ಟರೆಂದರೆ ನಾಲ್ಕು ದಿನ ಇರುತ್ತಾರೆಂದು ತಿಳಿಯಿರಿ.

ಉಳಿದ ದಿನಗಳಲ್ಲಿ ಅದು ನಿಮ್ಮ ಓದಿನ ಕೋಣೆಯೇ ಆಗಿರಲಿ, ತಪ್ಪಿಲ್ಲ. ಯಾರಾದರೂ ಬಂದಾಗ ಮಾತ್ರ ನಿಮ್ಮ ಪುಸ್ತಕ, ಲ್ಯಾಪ್‌ಟಾಪ್ ಎತ್ತಿಕೊಂಡು ಮುಖ ಸಣ್ಣದು ಮಾಡದೆ ಹಾಲಿಗೆ ಬನ್ನಿ. ದಸರಾ ಆದ ಮೇಲೆ ಕುಂಚ ಹಿಡಿದರೆ ದೀಪಾವಳಿಯ ಹೊತ್ತಿಗೆ ಕೋಣೆ ಸಿದ್ಧ. ಊರಿಗೆ ಫೋನ್ ಮಾಡಿ ಕರೆಯುವ ಕೆಲಸವೂ ಈ ಸಲ ನಿಮ್ಮದೇ ಆಗಲಿ, ಕನ್ನಡದಲ್ಲೇ.